ಹನಿ ಮಾಸ್ತರು ಬದಲಾಯಿಸಿದ ನಾಜಲ್

ಹನಿ ಮಾಸ್ತರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ತೋಟದ ಸಾಮಾನಿನ ಅಂಗಡಿಯಲ್ಲಿ ಕೌಂಟರಿನ ಹಿಂದೆ ಕೂತು, ಕೇಳಿದವರಿಗೂ ಕೇಳದವರಿಗೂ ಹನಿಯ ಬಗ್ಗೆ ಪಾಠ ಮಾಡಿ ಮಾಡಿ ಆ ಹೆಸರು ಸಂಪಾದಿಸಿದವರು. ನನ್ನದು ಪಕ್ಕದ ಟೈಲರ್ ಅಂಗಡಿ. ನಡುವೆ ಇರುವುದು ಬರೀ ಹಲಗೆಯ ಗೋಡೆ. ಹಾಗಾಗಿ ಆ ಪಾಠ ಅವರಿಗೆ ಎಷ್ಟು ಬಾಯಿಪಾಠವೋ ನನಗೂ ಅಷ್ಟೇ.

"ಔಷಧಿ ಬಗ್ಗೆ ಸಾವಿರ ಪ್ರಶ್ನೆ ಕೇಳ್ತೀರಿ. ಔಷಧಿ ಹೊಡೆಯೋ ಪಂಪಿನ ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಅಂತೀರಿ. ತುದೀಲಿ ಯಾವ ನಾಜಲ್ ಹಾಕ್ಬೇಕು ಅಂತ ಒಬ್ಬರಾದ್ರೂ ಕೇಳಿದ್ರಾ? ಕೆಲಸ ಮಾಡೋದು ಅದು ಕಣ್ರೀ!"

ಹೀಗೆ ಶುರುವಾದರೆ ಗಿರಾಕಿ ಕೈಕಟ್ಟಿ ನಿಲ್ಲಲೇಬೇಕು. ಖಾನೆ ಖಾನೆಯ ಒಂದು ಪ್ಲಾಸ್ಟಿಕ್ ಡಬ್ಬಿ ಹೊರಗೆ ಬರುತ್ತಿತ್ತು. ಅದರಲ್ಲಿ ಗುಂಡಿಗಳ ಹಾಗೆ ಬಣ್ಣಬಣ್ಣದ ನಾಜಲ್‌ಗಳು. ಇದು ಮಂಜಿನ ನಾಜಲ್, ಸಣ್ಣ ಹನಿ, ಎಲೆಯ ಅಡಿಯ ಹುಳಕ್ಕೆ ಸರಿ. ಇದು ದಪ್ಪ ಹನಿಯದು, ಹುಲ್ಲುಹಾಸಿನ ಕಳೆಗೆ ಇದೇ ಬೇಕು, ಗಾಳಿಗೆ ಹಾರುವುದಿಲ್ಲ, ಬಿದ್ದಲ್ಲೇ ಬೀಳುತ್ತದೆ. ಕೈಯಲ್ಲಿ ಒತ್ತುವ ಹಳೇ ಪಂಪಿನಲ್ಲಿ ತೋಳು ಸೋತರೆ ರಭಸವೂ ಸೋಲುತ್ತಿತ್ತು, ಬ್ಯಾಟರಿ ಪಂಪಿಗೆ ಆಯಾಸವೇ ಇಲ್ಲ, ಆದ್ದರಿಂದ ರಭಸ ಏರಿಸುವ ಗುಬ್ಬಿ ತಿರುಗಿಸುವಾಗ ಮೈಮೇಲೆ ಎಚ್ಚರವಿರಲಿ. ಇಷ್ಟೂ ಕೇಳಿಯೇ ಗಿರಾಕಿ ಹೊರಡಬೇಕು. ಪಾಠ ಬೇಸರವೇ ಹೊರತು ಸುಳ್ಳಲ್ಲ, ಅದನ್ನು ನಾನು ಒಪ್ಪಲೇಬೇಕು.

ಆದರೆ ಮಾಸ್ತರಿಗೆ ಒಂದು ರೋಗವಿತ್ತು. ತಪ್ಪು ತೋರಿಸಿದರೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಒಮ್ಮೆ ತಂಗಿಯ ಗಂಡ ನಾಲ್ಕು ಜನರ ಮುಂದೆ, "ಭಾವ, ವಾಷರ್ ಉಲ್ಟಾ ಹಾಕಿದೀರಿ" ಎಂದುಬಿಟ್ಟರು. ಅಷ್ಟಕ್ಕೇ ಇವರು ತಂಗಿಯ ಮನೆಯ ಹೊಸ್ತಿಲು ತುಳಿಯುವುದನ್ನು ಬಿಟ್ಟರು. ವಾಷರ್ ನಿಜವಾಗಿಯೂ ಉಲ್ಟಾ ಇತ್ತು.

ಇಂಥವರ ಒಬ್ಬಳೇ ಮಗಳು ಮದುವೆಯಾಗಿ ಹೋದದ್ದು ಮುಂದೆ ಹುಲ್ಲುಹಾಸು, ಪಕ್ಕದಲ್ಲಿ ತರಕಾರಿ ಪಾತಿ ಇರುವ ಮನೆಗೆ. ಅತ್ತೆ ಒಳ್ಳೆಯ ಹೆಂಗಸು, ಬಾಯಿ ಮಾತ್ರ ಸ್ವಲ್ಪ ಜೋರು. ಅಡುಗೆಮನೆ, ಬೀರು, ಬಾಗಿಲ ಪರದೆ, ಎಲ್ಲವೂ ಅವರದೇ ರಾಜ್ಯ. ಸೊಸೆಗೆ ಅಂತ ಅವರು ಬಿಟ್ಟುಕೊಟ್ಟದ್ದು ಒಂದು ಟೊಮೆಟೊ ಪಾತಿ. "ಇದು ನಿಂದು. ನಾನು ಕೈ ಹಾಕಲ್ಲ" ಎಂದಿದ್ದರು. ಮಗಳು ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದಳು. ಕೋಲು ನೆಟ್ಟು ಗಿಡ ಕಟ್ಟಲು ನನ್ನ ಅಂಗಡಿಯಿಂದಲೇ ಬಟ್ಟೆಯ ಅಂಚುಗಳನ್ನು ಕಟ್ಟು ಕಟ್ಟಾಗಿ ಒಯ್ಯುತ್ತಿದ್ದಳು. ಹೊಸ ಮನೆಯಲ್ಲಿ ನನ್ನದು ಎನ್ನಲು ಅವಳಿಗೆ ಇದ್ದದ್ದು ಅದೊಂದೇ.

ಒಂದು ಭಾನುವಾರ ಮಾಸ್ತರು ಅಂಗಡಿಯ ಹೊಸ ಬ್ಯಾಟರಿ ಪಂಪನ್ನು ಬೆನ್ನಿಗೇರಿಸಿಕೊಂಡು ಬೀಗರ ಮನೆಗೆ ಹೋದರು. ಹುಲ್ಲಿನ ನಡುವೆ ಅಗಲ ಎಲೆಯ ಕಳೆ ಎದ್ದಿದೆ ಎಂದು ಬೀಗರು ಅಂದಿದ್ದರು. ಹುಲ್ಲನ್ನು ಬಿಟ್ಟು ಅಗಲ ಎಲೆಯದನ್ನು ಮಾತ್ರ ಒಣಗಿಸುವ ಔಷಧಿ ತಂದಿದ್ದರು ಮಾಸ್ತರು. ದಪ್ಪ ಹನಿಯ ನಾಜಲನ್ನೇ ಹಾಕಿಕೊಂಡಿದ್ದರು. ಮೊದಲು ಬರೀ ನೀರು ತುಂಬಿ ಕಲ್ಲುಹಾಸಿನ ಮೇಲೆ ಹೊಡೆದು ನೋಡಿದರು. ಅಲ್ಲಿಯವರೆಗೂ ಎಲ್ಲ ಸರಿಯಾಗಿಯೇ ಇತ್ತು.

ಬೀಗರು ವಾಕಿಂಗ್ ಗೆಳೆಯರನ್ನು ಕೂರಿಸಿಕೊಂಡು ಜಗುಲಿಯ ಮೇಲೆ ಚಹಾ ಕುಡಿಯುತ್ತಿದ್ದರು. ಕಲ್ಲಿನ ಮೇಲೆ ಪಟಪಟ ಬಿದ್ದ ದಪ್ಪ ಹನಿ ನೋಡಿ ನಗೆಯಾಡಿದರು. "ಬೀಗರೇ, ಇದಕ್ಕೆ ಬ್ಯಾಟರಿ ಯಾಕೆ ಬೇಕಿತ್ತು? ನಮ್ಮ ಬಚ್ಚಲ ನಲ್ಲಿನೂ ಹೀಗೇ ಸೋರುತ್ತೆ!"

ಗೆಳೆಯರೂ ನಕ್ಕರು. ಮಾಸ್ತರಿಗೆ ಮೈ ಉರಿಯಿತು. ಜೇಬಿನಿಂದ ಡಬ್ಬಿ ತೆಗೆದು, ದಪ್ಪ ಹನಿಯದನ್ನು ಬಿಚ್ಚಿ ಮಂಜಿನ ನಾಜಲ್ ಹಾಕಿದರು. ಔಷಧಿ ಬೆರೆಸಿ, ಗುಬ್ಬಿಯನ್ನು ಪೂರ್ತಿ ತಿರುಗಿಸಿದರು. ಬಿಸಿಲಿನಲ್ಲಿ ಬೆಳ್ಳಗೆ ಹೊಗೆಯಂತೆ ಎದ್ದಿತು. ಜಗುಲಿಯಿಂದ "ಅಬ್ಬಬ್ಬಾ!" ಎಂಬ ಮಾತು ಬಂತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅನ್ನುತ್ತಾರಲ್ಲ, ಅದು ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ಮಗಳು ಪಕ್ಕದ ಬಾಗಿಲಿಂದ ಹೊರಗೆ ಬಂದಳು. "ಅಪ್ಪಾ, ಪಾತಿ ಕಡೆಗೆ ಗಾಳಿ ಇದೆ ಅಲ್ವಾ?"

"ನನಗೇ ಹೇಳಿಕೊಡ್ತೀಯಾ? ಒಳಗೆ ಹೋಗು."

ಅವಳು ಒಳಗೆ ಹೋದಳು. ಟೊಮೆಟೊ ಗಿಡದ ಎಲೆಯೂ ಅಗಲವೇ. ಇದು ಬೀಗರ ಮನೆಯ ಗಿಡ, ಇದು ಕಳೆ ಎಂದು ಔಷಧಿಗೆ ಯಾರು ಪರಿಚಯ ಮಾಡಿಕೊಡಬೇಕು?

ಮುಂದಿನ ವಾರ ಮಗಳು ಫೋನ್ ಮಾಡಿದಳು. "ಅಪ್ಪಾ, ಗಿಡ ಎಲ್ಲ ಒಂಥರಾ ಆಗಿದೆ. ಅತ್ತೆ ನಿನ್ನನ್ನೇ ಕರೆಸಿ ಕೇಳೋಣ ಅಂತಿದಾರೆ. ಒಂದ್ಸಲ ಬಂದು ನೋಡು."

ಮಾಸ್ತರು ಗೇಟಿನ ಹತ್ತಿರದಿಂದಲೇ ಕಂಡರು. ಕುಡಿಗಳು ಹಗ್ಗದಂತೆ ಹೊಸೆದುಕೊಂಡಿದ್ದವು. ಎಲೆಗಳು ಒಳಕ್ಕೆ ಮುರುಟಿ, ದಂಟು ಡೊಂಕಾಗಿತ್ತು. ಇಂಥ ಎಲೆ ಹಿಡಿದು ಅಂಗಡಿಗೆ ಬಂದವರಿಗೆಲ್ಲ ಅವರು ತಲೆಯೆತ್ತಿಯೂ ನೋಡದೆ, "ಪಕ್ಕದೋರು ಕಳೆ ಔಷಧಿ ಹೊಡೆದಿದಾರೆ, ಹೋಗಿ ಜಗಳ ಮಾಡಿ" ಎನ್ನುತ್ತಿದ್ದರು. ಈಗ ಹೋಗಿ ಯಾರ ಜೊತೆ ಜಗಳ ಮಾಡುವುದು?

ಬೀಗಿತ್ತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ನೋಡಿ ಬೀಗರೇ, ನೀವು ತಿಳಿದೋರು. ಇವಳು ಗೊಬ್ಬರ ಸುರಿದು ಸುಟ್ಟಿದಾಳೆ ಅಂತ ನಾನಂತೀನಿ. ಇಲ್ಲ ಅಂತಾಳೆ. ನೀವೇ ಹೇಳಿ."

ಬೀಗರು ಪಕ್ಕದಲ್ಲೇ ಇದ್ದರು. ಮಗಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು. "ತಪ್ಪು ನಂದು" ಅನ್ನಲು ಎಷ್ಟು ಹೊತ್ತು ಬೇಕು? ಮಾಸ್ತರು ಒಂದು ಎಲೆ ಕಿತ್ತು, ಅತ್ತಿತ್ತ ತಿರುಗಿಸಿ, ಕನ್ನಡಕ ಏರಿಸಿ ಹೇಳಿದರು: "ಗೊಬ್ಬರ ಸ್ವಲ್ಪ ಹೆಚ್ಚಾದ್ರೂ ಹೀಗಾಗುತ್ತೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಗಳು, "ಹೌದು ಅತ್ತೆ, ನಾನೇ ಜಾಸ್ತಿ ಹಾಕಿರಬೇಕು" ಎಂದು ಕೂತು ಒಂದೊಂದೇ ಗಿಡ ಕೀಳತೊಡಗಿದಳು.

ಆ ಕ್ಷಣ ಮಾಸ್ತರಿಗೆ ಬಚಾವಾದೆ ಅನ್ನಿಸಿತಂತೆ. ನಾಚಿಕೆ ಬಂದದ್ದು ಊಟಕ್ಕೆ ಕೂತಾಗ. ಟೊಮೆಟೊ ಗಿಡ ಕಿತ್ತ ಕೈಗೆ ಅಂಟಿದ ಹಸಿರು ಬೇಗ ಹೋಗುವುದಿಲ್ಲ. ಬಡಿಸಲು ಬಂದ ಮಗಳ ಉಗುರಿನ ಸಂದಿಯಲ್ಲಿ ಅದು ಇನ್ನೂ ಇತ್ತು. ಸಾಕು ಎನ್ನಲು ಬಾಯಿ ಬರದೆ ಅವರು ಹಾಕಿದ್ದನ್ನೆಲ್ಲ ತಲೆ ತಗ್ಗಿಸಿ ತಿಂದರು.

ಅಲ್ಲಿಂದಾಚೆ ಮಾಸ್ತರ ಪಾಠ ಕುಗ್ಗಿತು. ಮೈ ಸರಿಯಿಲ್ಲವೇನೋ ಅಂದುಕೊಂಡೆ ನಾನು. ಅವರ ಹೆಂಡತಿ ರವಿಕೆ ಅಳತೆ ಕೊಡಲು ಬಂದಾಗ ಅರ್ಧ ಗೊತ್ತಾಯಿತು. ಬೀಗಿತ್ತಿ ಪಾತಿಯನ್ನು ವಾಪಸ್ ತೆಗೆದುಕೊಂಡಿದ್ದರು. ಬಂದವರ ಮುಂದೆಲ್ಲ, "ನಮ್ಮ ಸೊಸೆ ಕೈಗೆ ಗೊಬ್ಬರ ಕೊಟ್ರೆ ಗಿಡ ನೇರ ಸ್ವರ್ಗಕ್ಕೇ" ಎಂದು ನಗುತ್ತಿದ್ದರಂತೆ. ಮಗಳಿಗೆ ಈಗ ಮನೆಯಲ್ಲಿ ಒಣಗಿದ ಬಟ್ಟೆ ಮಡಿಸುವ ಕೆಲಸವಷ್ಟೇ.

"ಗೊಬ್ಬರ ಹಾಕೋ ಮುಂಚೆ ಅಪ್ಪಂಗೆ ಫೋನ್ ಮಾಡಿ ಕೇಳ್ತಿದ್ದ ಹುಡುಗಿ ಅವಳು" ಎಂದರು ಮಾಸ್ತರ ಹೆಂಡತಿ. "ಅದು ಹೇಗೆ ಹೆಚ್ಚಾಯ್ತೋ."

ಮಿಕ್ಕರ್ಧ ಮಾಸ್ತರೇ ಹೇಳಿದರು. ಒಂದು ಮಧ್ಯಾಹ್ನ ಒಬ್ಬಾಕೆ ಬಂದು, ಕಳೆ ಔಷಧಿಗೆ ನಾಜಲ್ ಬೇಕು ಎಂದಳು. ಪಾಠ ಶುರುವಾಯಿತು. "ಪಕ್ಕದಲ್ಲಿ ತರಕಾರಿ ಇದ್ರೆ ಅಪ್ಪಿತಪ್ಪಿನೂ ಈ ಸಣ್ಣ ಹನಿಯದ್ದು..." ಅಲ್ಲಿಗೆ ನಿಂತುಹೋಯಿತು. ಆಕೆ "ಹೇಳಿ ಮಾಸ್ತರೇ" ಎನ್ನುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವರು ನನ್ನ ಅಂಗಡಿಯೊಳಗೆ ಬಂದು, ಇಸ್ತ್ರಿ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕುಸಿದು, ಎಲ್ಲ ಹೇಳಿದರು. ನಾಜಲ್ ಬಿಚ್ಚಿದ್ದು, ಗುಬ್ಬಿ ತಿರುಗಿಸಿದ್ದು, ಎಲೆ ಹಿಡಿದು ಸುಳ್ಳು ಆಡಿದ್ದು.

"ನಾಚಿಕೆ ಆಗುತ್ತೆ ಕಣ್ರೀ" ಎಂದರು. "ಅವಳ ಫೋನ್ ಬಂದ್ರೆ ಹೆಂಡತಿ ಕೈಗೆ ಕೊಟ್ಟುಬಿಡ್ತೀನಿ. ಬಿಸಿ ತುಪ್ಪ ಆಗಿದೆ. ನುಂಗೋಕೂ ಆಗ್ತಿಲ್ಲ, ಉಗುಳೋಕೂ ಆಗ್ತಿಲ್ಲ."

ನನಗೆ ಕನಿಕರ ಬರಬೇಕಿತ್ತು. ಬಂದದ್ದು ಸಿಟ್ಟು. "ಇದನ್ನ ನನಗ್ಯಾಕೆ ಹೇಳ್ತೀರಿ? ನಾನೇನು ಟೊಮೆಟೊ ಗಿಡವಾ? ಎದ್ದು ಅಲ್ಲಿಗೆ ಹೋಗಿ ಹೇಳಿ!"

"ಒಬ್ಬನೇ ಹೋದ್ರೆ ಗೇಟಿನಿಂದಲೇ ವಾಪಸ್ ಬಂದುಬಿಡ್ತೀನಿ. ನೀವೂ ಬನ್ನಿ."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಕತ್ತರಿ ಕೆಳಗಿಟ್ಟು ಹೊರಟೆ. ಗೇಟಿನ ಹತ್ತಿರ ಕಾಲು ನಿಧಾನವಾಯಿತು. ನಾನು ಹಿಂದಿನಿಂದ ತಳ್ಳಲಿಲ್ಲ ಅಷ್ಟೇ, ಹೆಚ್ಚುಕಡಿಮೆ ಅಂಟಿಕೊಂಡೇ ನಡೆದೆ. ಹುಲ್ಲುಹಾಸು ಒಂದೂ ಕಳೆಯಿಲ್ಲದೆ ಹಸಿರಾಗಿತ್ತು.

"ಬನ್ನಿ ಬೀಗರೇ, ಬರೋದೇ ಅಪರೂಪ ಆಯ್ತು" ಎಂದು ಬೀಗಿತ್ತಿ ಕುರ್ಚಿ ಎಳೆದರು. ಬೀಗರು ಪೇಪರ್ ಮಡಿಸಿದರು. ಮಗಳು ನೆಲದ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದಳು. ಅಪ್ಪನ ಮುಖ ನೋಡಿದ್ದೇ ತಡ ಅವಳಿಗೆ ತಿಳಿದುಹೋಯಿತು. ಬೇಡ ಎಂದು ಸಣ್ಣಗೆ ತಲೆಯಾಡಿಸಿದಳು. ಅದು ನನಗೂ ಕಂಡಿತು, ಮಾಸ್ತರಿಗೂ ಕಂಡಿತು.

ಮಾಸ್ತರು ಕೂರಲಿಲ್ಲ. "ನಿಮ್ಮ ಟೊಮೆಟೊ ಗಿಡ ಸಾಯಿಸಿದ್ದು ನಾನು" ಎಂದರು. "ಅವತ್ತು ಸರಿಯಾದ ನಾಜಲ್ ಬಿಚ್ಚಿ, ನೀವೆಲ್ಲ ಭೇಷ್ ಅನ್ಲಿ ಅಂತ ಮಂಜಿನದ್ದು ಹಾಕಿದೆ. ಔಷಧಿ ಗಾಳಿಗೆ ಹಾರಿ ಪಾತಿ ಮೇಲೆ ಬಿತ್ತು. ಗೊಬ್ಬರ ಅಂದಿದ್ದು ಸುಳ್ಳು. ಇವಳದ್ದು ಏನೂ ತಪ್ಪಿಲ್ಲ." ಭೂಮಿ ಬಾಯಿಬಿಟ್ಟಿದ್ದರೆ ಖುಷಿಯಿಂದ ಇಳಿದುಹೋಗುತ್ತಿದ್ದರು.

ಬೀಗರು ಕೆಮ್ಮಿ, ಮಡಿಸಿದ ಪೇಪರನ್ನೇ ಮತ್ತೆ ಬಿಡಿಸಿದರು. ಬೀಗಿತ್ತಿ ಮಾಸ್ತರನ್ನು ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ಆ ಕಡೆ ತಿರುಗಿಯೂ ನೋಡಲಿಲ್ಲ. ಸೊಸೆಯನ್ನೇ ಕೇಳಿದರು.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಅತ್ತೆ. ಅವತ್ತೇ ಗಾಳಿ ನೋಡಿದ್ದೆ."

"ಮತ್ತೆ ನಾನೇ ಹಾಕಿದೆ ಅಂತ ಯಾಕೆ ಒಪ್ಕೊಂಡೆ? ಇಷ್ಟು ದಿನ ಬಂದೋರ ಮುಂದೆಲ್ಲ ನಿನ್ನ ಆಡ್ಕೊಂಡು ನಕ್ಕಿದೀನಲ್ಲೇ. ಒಂದು ಮಾತು ನನ್ನ ಕಿವೀಲಿ ಹೇಳ್ಬಾರದಿತ್ತಾ?"

ಮಗಳು ಕೈಯಲ್ಲಿದ್ದ ಟವೆಲಿನ ಅಂಚು ಸರಿಮಾಡಿ ಮಡಿಸಿದಳು. "ಹೇಳಿದ್ರೆ ಅಪ್ಪ ಈ ಮನೆಗೆ ಬರೋದನ್ನೇ ಬಿಟ್ಟುಬಿಡ್ತಿದ್ರು ಅತ್ತೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಪ್ಪನ ಚಹಾಕ್ಕೆ ಸಕ್ಕರೆ ಕಮ್ಮಿ ಹಾಕಿ ಎಂದು ಹೇಳುವಷ್ಟೇ ಸಹಜವಾಗಿ ಹೇಳಿದ್ದಳು. ಅಲ್ಲ ಎನ್ನಲು ಮಾಸ್ತರು ಬಾಯಿ ತೆರೆದರು. ತಂಗಿಯ ಮನೆಯ ಹೊಸ್ತಿಲು ನೆನಪಾಗಿರಬೇಕು, ಬೀಗಿತ್ತಿ ಎಳೆದಿಟ್ಟ ಕುರ್ಚಿಯಲ್ಲಿ ಕೂತುಬಿಟ್ಟರು.