ವಾಚನಾಲಯದಲ್ಲಿ ಹಸೆಹಾಡು

ವಾಚನಾಲಯಗಳ ಗೋಡೆಯ ಮೇಲೆ ‘ನಿಶ್ಶಬ್ದವಾಗಿರಿ’ ಎಂಬ ಫಲಕ ಕಂಡಾಗಲೆಲ್ಲ ನನಗೆ ನಗು ಬರುತ್ತದೆ. ಪುಸ್ತಕಗಳಿಗಿಂತ ಆ ಫಲಕಕ್ಕೇ ಹೆಚ್ಚು ಮರ್ಯಾದೆಯಿದ್ದ ಶಿರಸಿಯ ಒಂದು ಪುಟ್ಟ ವಾಚನಾಲಯದಲ್ಲಿ, ಕನ್ನಡನಾಡು ಒಂದಾದ ಹೊಸ ಹುರುಪಿನ ದಿನಗಳಲ್ಲಿ, ಸದ್ದು ಮಾಡಿದವರಲ್ಲಿ ನಾನೂ ಒಬ್ಬ.

ಆಗ ನಾನು ಅಲ್ಲಿ ಹೈಸ್ಕೂಲು ಮಾಸ್ತರನಾಗಿದ್ದೆ. ಜೊತೆಗೆ ಕವಿಯೂ ಆಗಿದ್ದೆ. ಈ ಎರಡನೆಯ ಸಂಗತಿ ಊರಿನವರ ಗಮನಕ್ಕೆ ಬಂದಿರಲಿಲ್ಲವಾದ್ದರಿಂದ, ಅದನ್ನು ತರುವ ಸದುದ್ದೇಶದಿಂದ ಒಂದು ಕವಿಗೋಷ್ಠಿಯ ಪ್ರಸ್ತಾಪವನ್ನು ವಾಚನಾಲಯದ ಕಾರ್ಯದರ್ಶಿಗಳ ಮುಂದಿಟ್ಟೆ. ಬನವಾಸಿ ಕಡೆಯಿಂದ ಬಂದು ಜವಳಿ ಅಂಗಡಿಯಿಟ್ಟಿದ್ದ ಅವರಿಗೆ ಗಿರಾಕಿಗಳ ಮನಸ್ಸು ಚೆನ್ನಾಗಿ ಗೊತ್ತಿತ್ತು.

“ಬರೇ ಕವಿತಾ ಅಂದ್ರ ಮಂದಿ ಎದ್ದು ಹೋಗ್ತಾರ್ರಿ ಮಾಸ್ತರ, ಹಳ್ಳಿ ಹಾಡೂ ಇರ್ಲಿ,” ಎಂದರು.

ಹಳ್ಳಿ ಹಾಡೆಂದರೆ ನನಗೆ ನೆನಪಾಗುತ್ತಿದ್ದುದು ಹೇರೂರಿನ ನಮ್ಮ ಮನೆಯೇ. ಅಮ್ಮ ಮತ್ತು ದೊಡ್ಡಮ್ಮ ಒಂದೇ ಮನೆಯ ಸೊಸೆಯರು, ಹಾಡಿನಲ್ಲಿ ಒಂದೇ ಜೋಡಿ. ಮದುಮಗಳನ್ನು ಹಸೆಮಣೆಗೆ ಕರೆಯುವ ಹಾಡನ್ನು ದೊಡ್ಡಮ್ಮ ಒಂದು ಸೊಲ್ಲು ಹೇಳಿದರೆ, ಅಮ್ಮ ಅದೇ ಸೊಲ್ಲನ್ನು ಮತ್ತೆ ಎತ್ತಿ ಹಾಡಬೇಕು. ಎತ್ತುವವರಿಲ್ಲದೆ ಹಾಡು ಮುಂದೆ ಹೋಗುವುದಿಲ್ಲ. ದೊಡ್ಡಪ್ಪ ತೀರಿಕೊಂಡು ದೊಡ್ಡಮ್ಮ ವಿಧವೆಯರ ಕೆಂಪು ಸೀರೆ ಉಟ್ಟ ದಿನದಿಂದ ಆ ಜೋಡಿ ಮುರಿದಿತ್ತು. ವಿಧವೆ ಮಂಗಳದ ಹಾಡು ಹೇಳಬಾರದೆಂದು ಅವಳಿಗೆ ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ರಜೆಯಲ್ಲಿ ಊರಿಗೆ ಹೋದಾಗ, ಗೋಷ್ಠಿಯಲ್ಲಿ ಹಾಡಲು ನಾನು ಮೊದಲು ಕೇಳಿದ್ದು ಅಮ್ಮನನ್ನು. “ಆನೊಬ್ಬಳೇ ಎಂತ ಹಾಡ್ಲಿ? ಹಾಡಿಪ್ಪದು ಅಕ್ಕನ ಹತ್ರ,” ಎಂದಳು ಅಮ್ಮ.

ದೊಡ್ಡಮ್ಮ ತಲೆಯೆತ್ತದೆ ಹೇಳಿದಳು: “ಅದು ಮದುವೆ ಹಾಡು ತಮಾ, ಆನು ಹೇಳಲಾಗ.”

“ಅಲ್ಲಿ ಮದುವೇನೇ ಇಲ್ಲೆ ದೊಡ್ಡಮ್ಮಾ, ಬರೀ ಪುಸ್ತಕ ಇದ್ದು,” ಎಂದೆ. ಅದು ಬಾಯಿಗೆ ಬಂದ ಮಾತು. ಆದರೆ ಮರುದಿನ ಬೆಳಿಗ್ಗೆ ದೊಡ್ಡಮ್ಮ ಹಿತ್ತಿಲಲ್ಲಿ ಮೆಲ್ಲಗೆ ಗುನುಗುತ್ತಿದ್ದುದು ಕೇಳಿತು. ಅಮ್ಮನಿಗೂ ಕೇಳಿತು. ಅವಳಿಗೆ ಸಂತೋಷದ ಜೊತೆಗೆ ದಿಗಿಲೂ ಆಯಿತು, ಏಕೆಂದರೆ ನನ್ನ ತಂಗಿಯ ಮದುವೆ ನಿಶ್ಚಯವಾಗಿತ್ತು, ವಿಧವೆಯೊಡನೆ ಹಸೆಹಾಡು ಹೇಳಿದರೆ ಮಗಳಿಗೆ ಅಶುಭವೆಂಬ ಅಂಜಿಕೆ. “ಕೇಳಲೆ ಆನೂ ಬತ್ತಿ,” ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು, “ಆದ್ರೆ ಸೊಲ್ಲು ಎತ್ತಲೆ ಬೇರೆಯವ್ರನ್ನ ನೋಡು.” ನಾನು ಶಿರಸಿಯಲ್ಲಿ ನೆರೆಮನೆಯ ಇಬ್ಬರು ಹೆಂಗಸರನ್ನು ಒಪ್ಪಿಸಿದೆ.

ಗೋಷ್ಠಿಯ ದಿನ ಊರಿನಿಂದ ದೊಡ್ಡಮ್ಮ, ಅಮ್ಮ, ತಂಗಿ ಮೂವರೂ ಬಂದರು. ಮೊದಲು ನನ್ನ ಕವಿತೆ. ಅದರಲ್ಲಿ ಪ್ರಾಸವಿತ್ತು, ಕೇಳುವವರಿಗೆ ಪ್ರಯಾಸವಿತ್ತು. ಚಪ್ಪಾಳೆ ಬಂದದ್ದು ಮುಗಿಸಿದ್ದಕ್ಕೆ. ಆಮೇಲೆ ದೊಡ್ಡಮ್ಮ ಸೆರಗನ್ನು ತಲೆಯ ಮೇಲೆಳೆದುಕೊಂಡು ಪುಸ್ತಕದ ಕಪಾಟಿನ ಪಕ್ಕ ಚಾಪೆಯ ಮೇಲೆ ಕುಳಿತು ಮೊದಲ ಸೊಲ್ಲು ಹೇಳಿದಳು. ಎಷ್ಟೋ ವರ್ಷ ಹೊರಬರದ ಆ ದನಿ ಒರಟಾಗಿ ಹೊರಟು ದಾರಿ ಕಂಡುಕೊಂಡು ಏರಿತು, ಸೊಲ್ಲು ಮುಗಿಯಿತು. ಸೊಲ್ಲೆತ್ತಬೇಕಾದ ಹೆಂಗಸರಿಬ್ಬರೂ ಅವಳ ಕೆಂಪು ಸೀರೆಯನ್ನು ಆಗಷ್ಟೇ ಕಂಡು ನೆಲ ನೋಡುತ್ತಿದ್ದರು. ನಾನು ಅವರಿಗೆ ಹಾಡುವವಳು ಯಾರೆಂದು ಹೇಳಿರಲಿಲ್ಲ. ಹೇಳಬೇಕೆಂದು ಕವಿಗೆ ಹೊಳೆದಿರಲೂ ಇಲ್ಲ.

ದೊಡ್ಡಮ್ಮ ಅದೇ ಸೊಲ್ಲನ್ನು ಮತ್ತೊಮ್ಮೆ ಹೇಳಿದಳು. ಯಾರೂ ಎತ್ತಲಿಲ್ಲ. ಅವಳು ಏಳುವುದಕ್ಕೆಂದು ನೆಲಕ್ಕೆ ಕೈಯೂರಿದಳು.

ಆಗ ಹೆಂಗಸರ ನಡುವಿನಿಂದ ಸೊಲ್ಲು ಎದ್ದಿತು. ಅಮ್ಮ! ಮದುವೆ ನಿಶ್ಚಯವಾದ ಮಗಳು ಪಕ್ಕದಲ್ಲೇ ಇದ್ದಳು. ಹಾಡುತ್ತಲೇ ಎದ್ದ ಅಮ್ಮ ಹೋಗಿ ದೊಡ್ಡಮ್ಮನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಳು. ಅನಂತರ ಒಂದಾದಮೇಲೊಂದು ಹಾಡು. ನೆಲ ನೋಡುತ್ತಿದ್ದ ಇಬ್ಬರೂ ಯಾವಾಗಲೋ ಸೇರಿಕೊಂಡಿದ್ದರು. ಕಾರ್ಯದರ್ಶಿಗಳು ಪೆಟ್ರೋಮ್ಯಾಕ್ಸಿಗೆ ಗಾಳಿ ಹಾಕುತ್ತ, “ಇನ್ನೊಂದು ಆಗ್ಲಿರಿ ಅವ್ವಾರ,” ಎನ್ನುತ್ತಲೇ ಇದ್ದರು. ನನ್ನನ್ನು ಯಾರೂ ಇನ್ನೊಂದು ಕೇಳಲಿಲ್ಲ.

ಮರುದಿನ ಅವರನ್ನು ಬಸ್ಸು ಹತ್ತಿಸುವಾಗ ಅಮ್ಮನನ್ನು ಮೆಲ್ಲನೆ ಕೇಳಿದೆ, ಹೆದರಿಕೆ ಆಗಲಿಲ್ಲವೇ ಎಂದು.

“ಆತು,” ಎಂದಳು. “ಆದ್ರೆ ಎರಡನೇ ಸಲ ಹೇಳಕಾದ್ರೆ ಅಕ್ಕನ ದನಿ ನಡುಗ್ತು. ಕೇಳ್ತಾ ಸುಮ್ನೆ ಕೂಪಲೆ ಆಜಿಲ್ಲೆ.”

ಸುದ್ದಿ ನೆಂಟರಲ್ಲೆಲ್ಲ ಹಬ್ಬಿತು. ತಂಗಿಯ ಮದುವೆ ಹತ್ತಿರವಾದಾಗ, ಅದು ವಾಚನಾಲಯ, ಇದು ಚಪ್ಪರ, ಎಂದು ಹಿರಿಯರೊಬ್ಬರು ಹೇಳಿಕಳಿಸಿದರು. ದೊಡ್ಡಮ್ಮ ಮದುವೆಯ ದಿನ ಅಡುಗೆಮನೆಯೊಳಗೆ ಉಳಿದು ಬಾಗಿಲು ಮುಚ್ಚಿಕೊಂಡಳು. ತಂಗಿಯನ್ನು ಹಸೆಗೆ ಕರೆಯುವ ಹೊತ್ತಾಯಿತು. ಎಲ್ಲರೂ ಅಮ್ಮನ ಮುಖ ನೋಡಿದರು. ಅಮ್ಮ ಬಾಯಿ ತೆರೆಯಲಿಲ್ಲ. ಹೊತ್ತು ಮೀರುತ್ತಿದೆಯೆಂದು ಯಾರೋ ಗೊಣಗಿದರು. ಅಮ್ಮ ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದಳು.

ಕೊನೆಗೆ ಮುಚ್ಚಿದ ಬಾಗಿಲಿನ ಆಚೆಯಿಂದ ಸಣ್ಣಗೆ ಮೊದಲ ಸೊಲ್ಲು ಬಂತು. ಅಮ್ಮ ಅದನ್ನೆತ್ತಿದಳು. ಯಲ್ಲಾಪುರದ ಕಡೆಯ ವೃದ್ಧ ಪುರೋಹಿತರು ಮಂತ್ರ ನಿಲ್ಲಿಸಿ ಒಳಗಿನತ್ತ ತಿರುಗಿದರು. ಎಲ್ಲ ಮುಗಿಯಿತೆಂದೇ ನಾನು ಅಂದುಕೊಂಡೆ.

“ಒಳಗಿನವ್ರು ರಾಶಿ ಚೊಲೊ ಹೇಳ್ತ್ರು,” ಎಂದರು ಅವರು. “ಇಲ್ಲಿಗೆ ಸರಿ ಕೇಳ್ತಿಲ್ಲೆ.”

ಅಮ್ಮ ಎದ್ದು ಹೋಗಿ ಅಡುಗೆಮನೆಯ ಬಾಗಿಲನ್ನು ಪೂರ್ತಿ ತೆರೆದಿಟ್ಟು ಬಂದಳು.