ಜಟ್ಟಪ್ಪ ಹವಾಲ್ದಾರರ ದಿಂಬು

ಸೈನ್ಯದಿಂದ ನಿವೃತ್ತರಾದ ಜಟ್ಟಪ್ಪ ಹವಾಲ್ದಾರರು ಕುಮಟೆಯಲ್ಲಿ ನಾಗರಿಕರಿಗೆ ರೈಫಲ್ ಕಲಿಸಲು ಬರುವಾಗ ಟೊಪ್ಪಿ ಮರೆತರೂ ದಿಂಬು ಮರೆಯುವವರಲ್ಲ. ಹಳೇ ಕಂಬಳಿ ಮಡಿಚಿ ತಾವೇ ಹೊಲಿದ ಆ ದಿಂಬನ್ನು ಬೆಂಚಿಗೆ ಕೂತವರ ಹೆಗಲಿಗೆ ಕಟ್ಟಿ, ಬೆನ್ನು ನೆಟ್ಟಗೆ ಮಾಡಿಸಿ, ಬಂದೂಕಿನ ಬುಡವನ್ನು ಅದಕ್ಕೆ ಒತ್ತಿಸಿ, "ಸಡಿಲ ಬಿಟ್ರೆ ಎಮ್ಮೆ ಹಾಂಗೆ ಒದೀತದೆ, ಅವಚಿ ಹಿಡಿದ್ರೆ ಕರು ಹಾಂಗೆ ಒರಗ್ತದೆ" ಎನ್ನುವರು. ಗುಂಡು ಗುರಿಯ ಹಲಗೆಗೆ ತಾಗಿತೋ, ಹಿಂದಿನ ಮಣ್ಣದಿಬ್ಬಕ್ಕೆ ತಾಗಿತೋ, ಅವರು ಕೇಳುವುದೊಂದೇ: "ಎಂತ, ಹೆಗಲು ನೋವಾತಾ?" ಬ್ಯಾಂಕಿನ ವನಮಾಲಾ ಗುರಿ ತಪ್ಪಿಯೂ, ನೋವೇ ಇಲ್ಲವೆಂದು ನಕ್ಕ ದಿನ ಹವಾಲ್ದಾರರು ಇಡೀ ಮೈದಾನಕ್ಕೆ ಚಾ ಕುಡಿಸಿದರು. ಸೈನ್ಯದಲ್ಲಿ ದಿಂಬಿಲ್ಲದೆ ಬಂದೂಕಿನಿಂದ ಒದೆಸಿಕೊಂಡು ಈಗ ಮೇಲಕ್ಕೇಳದ ಅವರ ಬಲಗೈಯಿಂದ ಸಂಜೆ ಅಂಗಿ ಬಿಡಿಸುತ್ತ ಹೆಂಡತಿ, "ಇವತ್ತು ಯಾರ ಹೆಗಲು ನೋವಾತು?" ಎಂದರೆ, ಪದಕ ಗೆದ್ದವರಂತೆ ಎದೆಯುಬ್ಬಿಸಿ, "ಒಬ್ಬರದ್ದೂ ಇಲ್ಲ!" ಎನ್ನುವರು.