ಅರ್ಧಕ್ಕೇ ಎದ್ದು ಬಂದ ಅಪ್ಪ

ಗೆಳೆಯರೇ, ಇವತ್ತು ಅಪ್ಪನಿಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಒಂದು ಕೈ ಇಲ್ಲದ ನನ್ನ ತಂಗಿಗೆ ರಾಯಚೂರಿನಲ್ಲಿ ಈಜು ಕಲಿಯುವ ಆಸೆ. ಅಪ್ಪ ಬಿಡುತ್ತಿಲ್ಲ. ಅದಕ್ಕೇ ನಮ್ಮೂರು ಪೋತ್ನಾಳದ ಚಹಾದಂಗಡಿಯಲ್ಲಿ ಅವನಿಗೆ ಮೊಬೈಲ್‌ನಲ್ಲಿ ಅಂಗವಿಕಲರ ಅಂತರರಾಷ್ಟ್ರೀಯ ಮಿಶ್ರ ಮೆಡ್ಲೆ ರಿಲೇ, ಅಂದರೆ ನಾಲ್ವರು ಒಬ್ಬರಾದ ಮೇಲೊಬ್ಬರು ಬೇರೆ ಬೇರೆ ಬಗೆಯಲ್ಲಿ ಈಜುವ ಪಂದ್ಯ, ತೋರಿಸಿದಳು. ತಂಡಕ್ಕೆ ಇಬ್ಬರು ಗಂಡಸರು, ಇಬ್ಬರು ಹೆಂಗಸರು. ಯಾರು ಯಾವಾಗ ಇಳಿಯಬೇಕೆಂಬುದು ತಂಡದವರ ಇಷ್ಟ. ಮುಂದಿದ್ದ ತಂಡದಲ್ಲಿ ಕಡೆಗೆ ಇಳಿದವಳು ಒಂದೇ ಕೈಯ ಹುಡುಗಿ. ಅವಳ ಹಿಂದೆ ಬೇರೆ ತಂಡದ ಗಂಡಸು.

"ಗಂಡಸು ಬೆನ್ನತ್ತ್ಯಾನ, ಮುಗೀತು ಬಿಡವ್ವಾ," ಎಂದು ಅಪ್ಪ ಎದ್ದು ಹೊರಟೇಬಿಟ್ಟ. ಹಿಂದೆ ಅಂಗಡಿಯಲ್ಲಿ ಕೂಗೆದ್ದಿತು.

ತಂಗಿ ಮನೆಗೆ ಬಂದೊಡನೆ ಕೇಳಿದ: "ಏನಾತಬೇ?"

"ಮೊದ್ಲ ಈಜಿಗೆ ಹೂಂ ಅನ್ನು ಯಪ್ಪಾ, ಆಮ್ಯಾಲ ಹೇಳ್ತೀನಿ."

ಅಪ್ಪ ಎಲೆ-ಅಡಿಕೆಯ ನೆಪದಲ್ಲಿ ಅಂಗಡಿಗೆ ಹೋಗಿ ಬಂದ. ಅಂಗಡಿಯವನೂ "ಮಗಳನ್ನ ಕೇಳ್ರಿ ಕಾಕಾ" ಅಂದನಂತೆ.

ಹೂಂ ಅನ್ನುವುದು ಬಿಟ್ಟು, ಈಗ ಮತ್ತೆ ಚಪ್ಪಲಿ ಹುಡುಕುತ್ತಿದ್ದಾನೆ.